ತಳ ಮುಟ್ಟಿ ಕಲಕಿದವಳು

ಎಂಟು ವರ್ಷ ಎಪಾಕ್ಸಿ ಅಂಟು ಕಲಕಿದ ನನ್ನ ಅತ್ತಿಗೆಯನ್ನು, ಮುಖ ಊದಿ ಎರಡೂ ಕಣ್ಣು ಮುಚ್ಚಿಹೋದ ದಿನ, ಕಾರ್ಖಾನೆಯವರು ಗೇಟಿನ ಹೊರಗೆ ಬಿಟ್ಟರು. ಬಿಡುವ ಮೊದಲು ಒಂದು ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವಳಿಗೆ ಸಹಿ ಹಾಕಲು ಬರುತ್ತದೆ. ಕಣ್ಣು ಕಾಣುತ್ತಿರಲಿಲ್ಲ, ಅದಕ್ಕೆ ಹೆಬ್ಬೆಟ್ಟು. ಕಾಗದದಲ್ಲಿ ಹೀಗೆ ಬರೆದಿತ್ತು: ‘ಕೆಲಸಕ್ಕೆ ಸೇರುವ ಮೊದಲಿನಿಂದಲೂ ನನಗೆ ಚರ್ಮದ ಕಾಯಿಲೆ ಇತ್ತು. ಅದನ್ನು ಮುಚ್ಚಿಟ್ಟು ಸೇರಿದ್ದೆ. ಈಗ ನನ್ನ ಇಷ್ಟದಿಂದ ಕೆಲಸ ಬಿಡುತ್ತಿದ್ದೇನೆ.’

ಹೆಬ್ಬೆಟ್ಟಿನ ಗುರುತಿನಲ್ಲಿ ಗೆರೆಗಳೇ ಇರಲಿಲ್ಲ. ಅಂಟು ಕರಗಿಸುವ ಥಿನ್ನರಿನಲ್ಲಿ ತೊಳೆದು ತೊಳೆದು ಅವಳ ಬೆರಳ ತುದಿಗಳು ಬೋಳಾಗಿದ್ದವು. ಕಾಗದದ ಮೇಲೆ ಉಳಿದದ್ದು ಒಂದು ನೀಲಿ ಮಚ್ಚೆ. ಯಾರದ್ದು ಬೇಕಾದರೂ ಆಗಬಹುದಿತ್ತು.

ಅವಳ ಮಣಿಕಟ್ಟು ಹಿಡಿದು ಶಾಯಿಯ ಡಬ್ಬಿ ಎಲ್ಲಿದೆ ಎಂದು ತೋರಿಸಿದವಳು, ಅದೇ ಕಾರ್ಖಾನೆಯಲ್ಲಿ ದುಡಿಯುವ ನಾನೇ. ಆಸ್ಪತ್ರೆಗೆ ಕಳಿಸುವ ಚೀಟಿ ಎಂದು ಹೇಳಿದ್ದರು. ನಂಬಿದೆ. ಗೇಟು ದಾಟಿದ ಮೇಲೆ ಕೈಗೆ ತುರುಕಿದ ನಕಲನ್ನು ಬಿಡಿಸಿ ಓದಿದೆ.

ಆ ದಿನದಿಂದ ನನಗೆ ಸೇಡು ಬೇಕಾಗಿತ್ತು. ಬೇರೆ ಹೆಸರಿಟ್ಟು ಅದನ್ನು ಚಂದ ಮಾಡಿಕೊಳ್ಳುವುದಿಲ್ಲ.

ನಮ್ಮಲ್ಲಿ ತಯಾರಾಗುವುದು ಅಂಗೈಯಗಲದ ಕರೆಂಟಿನ ಡಬ್ಬಿಗಳು. ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಲಿಫ್ಟುಗಳಲ್ಲಿ ಗೋಡೆಯೊಳಗೆ ಕೂರುವಂಥವು. ಒಳಗಿನ ತಂತಿ ಕಾದು ಹೊತ್ತಿಕೊಂಡರೂ ಬೆಂಕಿ ಹಬ್ಬಬಾರದು ಎಂದು ಡಬ್ಬಿಯ ತುಂಬ ಬೆಂಕಿ ತಡೆಯುವ ಎಪಾಕ್ಸಿ ಸುರಿಯುತ್ತೇವೆ. ಸುರಿದದ್ದು ಕಲ್ಲಾಗುತ್ತದೆ. ಉಬ್ಬಿದ ಅಂಚನ್ನು ಉಜ್ಜಿ ನುಣುಪು ಮಾಡುವಾಗ ಬಿಳಿ ಧೂಳು ಏಳುತ್ತದೆ.

ಅದು ಬರುವುದು ಎರಡು ಪಾಲಾಗಿ. ದೊಡ್ಡ ಡ್ರಮ್ಮಿನಲ್ಲಿ ಮಂದವಾದ ಅಂಟು. ಚಿಕ್ಕ ಕ್ಯಾನಿನಲ್ಲಿ ಅದನ್ನು ಗಟ್ಟಿ ಮಾಡುವ ನೀರಿನಂಥ ಹಾರ್ಡನರ್. ನಾವು ಹೆಂಗಸರು ಡ್ರಮ್ಮಿಗೆ ದೊಡ್ಡಪ್ಪ ಎಂದೂ ಕ್ಯಾನಿಗೆ ಚಿಕ್ಕಪ್ಪ ಎಂದೂ ಹೆಸರಿಟ್ಟಿದ್ದೆವು. ದೊಡ್ಡಪ್ಪ ಮೆತ್ತಿಕೊಂಡರೆ ಬಿಡುವವನಲ್ಲ. ಚಿಕ್ಕಪ್ಪ ಕಚ್ಚುತ್ತಾನೆ. ಮುಚ್ಚಳ ತೆಗೆದರೆ ಕೊಳೆತ ಮೀನಿನ ವಾಸನೆ, ಕಣ್ಣಲ್ಲಿ ನೀರು. ಇಬ್ಬರನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಬಕೆಟ್ಟು ತಾನಾಗಿಯೇ ಕಾಯುತ್ತದೆ. ಬೇಗ ಸುರಿದು ಮುಗಿಸದಿದ್ದರೆ ಒಳಗೊಳಗೇ ಕುದಿದು ಹೊಗೆ ಏಳುತ್ತದೆ. ಹೊಗೆ ಎದ್ದ ಬಕೆಟ್ಟನ್ನು ಗೋಣಿಚೀಲದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಅಂಗಳಕ್ಕೆ ಓಡುವುದು ನಾವೇ.

ಬೆಂಕಿ ತಡೆಯುವ ಗುಣ ಇರುವುದು ದೊಡ್ಡಪ್ಪನೊಳಗೆ ಬೆರೆಸಿದ ಬಿಳಿ ಪುಡಿಯಲ್ಲಿ. ಡ್ರಮ್ಮು ನಿಂತಲ್ಲೇ ನಿಂತರೆ ಪುಡಿ ತಳಕ್ಕಿಳಿದು ಗಾರೆಯಂತೆ ಕೂತುಬಿಡುತ್ತದೆ. ಮೇಲೆ ಉಳಿಯುವುದು ಜೇನಿನ ಬಣ್ಣದ ತೆಳು ಅಂಟು. ಅದಕ್ಕೇ ದಿನಾ ಬೆಳಿಗ್ಗೆ ತಳ ಮುಟ್ಟಿ ಕಲಕಬೇಕು. ಅದು ಅತ್ತಿಗೆಯ ಕೆಲಸ. ಎದೆಯೆತ್ತರದ ಕಬ್ಬಿಣದ ಹುಟ್ಟು. ಒಂದು ಕಾಲು ಗೋಡೆಗೆ ಕೊಟ್ಟು, ಹೊಟ್ಟೆಯನ್ನು ಡ್ರಮ್ಮಿನ ಅಂಚಿಗೆ ಒತ್ತಿ, ಮುಕ್ಕಾಲು ಗಂಟೆ ಕಲಕುತ್ತಿದ್ದಳು. ಹುಟ್ಟು ತಳಕ್ಕೆ ತಾಗಿ ಕರ್ರ್ ಎಂದರೆ ಮಾತ್ರ ಕೆಲಸ ಆಯಿತೆಂದು ಅರ್ಥ. ಮೊಣಕೈವರೆಗೆ ಅಂಟು. ಹೊಟ್ಟೆಯ ಮೇಲೆ ಡ್ರಮ್ಮಿನಂಚಿನ ಕಪ್ಪು ಬರೆ. ಆ ಬರೆ ಇವತ್ತಿಗೂ ಇದೆ.

ವಾರಕ್ಕೆ ಒಂದು ಜೊತೆ ಗ್ಲೌಸು ಕೊಡುತ್ತಿದ್ದರು. ಈರುಳ್ಳಿ ಸಿಪ್ಪೆಯಷ್ಟು ತೆಳು. ಎರಡನೇ ದಿನಕ್ಕೆ ಬೆರಳು ಹರಿದು ಒಳಗೆ ಅಂಟು ಇಳಿಯುತ್ತಿತ್ತು. ಇಳಿದ ಅಂಟಿನ ಮೇಲೆ ಬೆವರು. ಬರಿಗೈಯೇ ವಾಸಿ ಎಂದು ಕಿತ್ತೆಸೆಯುತ್ತಿದ್ದೆವು.

ಮೇಸ್ತ್ರಿಯನ್ನು ನಾವು ಬೆನ್ನ ಹಿಂದೆ ಚೊಕ್ಕಣ್ಣ ಎಂದು ಕರೆಯುತ್ತಿದ್ದೆವು. ಮಡಿಕೆ ಬಿಡಿಸದ ಬಿಳಿ ಕರವಸ್ತ್ರವನ್ನು ಮೂಗಿಗೆ ಹಿಡಿದೇ ನಮ್ಮ ಕೋಣೆಗೆ ಬರುತ್ತಿದ್ದ. ಬಾಗಿಲ ಹಿಡಿಯನ್ನು ಅದರಲ್ಲೇ ಹಿಡಿಯುತ್ತಿದ್ದ.

“ಸರ್, ದಪ್ಪ ಗ್ಲೌಸ್ ಕೊಡ್ಸಿ, ಕೈ ಉರಿಯುತ್ತೆ.”

“ಥಿನ್ನರಲ್ಲಿ ತೊಳ್ಕೊಂಡ್ರೆ ಹೋಗುತ್ತೆ ಬಿಡಮ್ಮ. ಮನೇಲಿ ಪಾತ್ರೆ ತಿಕ್ಕೋವಾಗ ಗ್ಲೌಸ್ ಹಾಕ್ಕೋತೀಯಾ?”

ತೊಳೆದುಕೊಂಡೆವು. ಎಂಟು ವರ್ಷ ತೊಳೆದುಕೊಂಡೆವು. ಅಂಟು ಹೋಗುತ್ತಿತ್ತು, ಕೈ ಸ್ವಚ್ಛವಾಗಿ ಬಿಳಿಚಿಕೊಳ್ಳುತ್ತಿತ್ತು, ಆಹಾ ಎನ್ನಿಸುತ್ತಿತ್ತು. ಥಿನ್ನರು ಆ ವಿಷವನ್ನು ಕರಗಿಸಿ ಚರ್ಮದೊಳಕ್ಕೇ ಇಳಿಸುತ್ತದೆ ಎಂದು ನಮಗೆ ಯಾರು ಹೇಳಬೇಕಿತ್ತು?

ಮೊದಲು ಅತ್ತಿಗೆಯ ಬೆರಳ ಸಂದಿಯಲ್ಲಿ ನೀರುಗುಳ್ಳೆ ಎದ್ದವು. ಆಮೇಲೆ ಕತ್ತು. ಆಮೇಲೆ ರೆಪ್ಪೆ. ಚೊಕ್ಕಣ್ಣ ಅವಳ ಕುಡಿಯುವ ಲೋಟಕ್ಕೆ ಕೆಂಪು ಟೇಪು ಸುತ್ತಿಸಿದ. ಉಳಿದವರು ಅದನ್ನು ಮುಟ್ಟಬಾರದು. ಊಟಕ್ಕೆ ಮೆಟ್ಟಿಲ ಕೆಳಗೆ ಕೂರಬೇಕು. “ಇದು ಅಂಟೋ ಕಾಯಿಲೆ. ಮನೆಯಿಂದ ತಂದಿದಾಳೆ. ಸ್ನಾನ ಗೀನ ಸರಿಯಾಗಿ ಮಾಡಲ್ಲ ಇವರೆಲ್ಲ.” ಅವಳ ಜೊತೆ ಎಂಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡ ಹೆಂಗಸರೂ ದೂರ ಸರಿದು ಕೂತರು. ನಾನು ಸರಿಯಲಿಲ್ಲ ಎಂದು ಬರೆಯಬಹುದು. ಸುಳ್ಳಾಗುತ್ತದೆ. ಎರಡು ದಿನ ನಾನೂ ಸರಿದು ಕೂತಿದ್ದೆ.

ನಮ್ಮದು ಒಂದೇ ಕೋಣೆಯ ಮನೆ. ಅಣ್ಣ ಬಸ್ಸು ತೊಳೆಯುತ್ತಾನೆ. ಕೆಲಸ ಹೋದ ಮೂರು ವಾರಕ್ಕೆ ಅತ್ತಿಗೆಯ ಊತ ಇಳಿಯಿತು. ಕಣ್ಣು ಬಿಟ್ಟಳು. ಆ ಸಂಜೆ ನಾನು ಕೆಲಸದಿಂದ ಬಂದು ಖುಷಿಗೆ ಅವಳನ್ನು ತಬ್ಬಿಕೊಂಡೆ. ಅಡುಗೆ ಮುಗಿಯುವಷ್ಟರಲ್ಲಿ ಅವಳ ಕೆನ್ನೆ ಮತ್ತೆ ಹಿಟ್ಟಿನಂತೆ ಉಬ್ಬಿತು. ನನ್ನ ಬಟ್ಟೆಯ ಮೇಲಿದ್ದ ಧೂಳು ಸಾಕಾಗಿತ್ತು.

ಅಂದಿನಿಂದ ಓಣಿಯಲ್ಲಿ ಹಳೆ ಸೀರೆಯ ಮರೆ ಕಟ್ಟಿ, ಅಲ್ಲೇ ಬಟ್ಟೆ ಬಿಚ್ಚಿ, ತಲೆಗೆ ನೀರು ಸುರಿದುಕೊಂಡು ಒಳಗೆ ಹೋಗುವುದು. ಎದುರು ಮನೆಯವರು ಕಿಟಕಿ ತೆರೆದು ನೋಡುತ್ತಿದ್ದರು. ನೋಡಲಿ.

ಪ್ರತಿ ಡ್ರಮ್ಮಿನ ಜೊತೆ ಪ್ಲಾಸ್ಟಿಕ್ಕಿನ ಚೀಲದಲ್ಲಿ ಒಂದು ಪುಸ್ತಿಕೆ ಬರುತ್ತದೆ. ಚೊಕ್ಕಣ್ಣ ಅದನ್ನು ಹರಿದು, ನೆಲಕ್ಕೆ ಚೆಲ್ಲಿದ ಅಂಟು ಒರೆಸಲು ನಮಗೇ ಕೊಡುತ್ತಿದ್ದ. ನಾವು ಅದರಲ್ಲೇ ಒರೆಸುತ್ತಿದ್ದೆವು. ಒಂದು ದಿನ ಹೊಸ ಡ್ರಮ್ಮು ಬಂದಾಗ ಅವನು ಫೋನಿನಲ್ಲಿದ್ದ. ಪುಸ್ತಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ತಂದೆ. ಯಾವುದೋ ಪರದೇಶದ ಭಾಷೆ ಇರುತ್ತದೆ ಎಂದುಕೊಂಡಿದ್ದೆ. ಏಳೆಂಟು ಭಾಷೆ ಇತ್ತು. ಕೊನೆಯ ನಾಲ್ಕು ಪುಟ ನಮ್ಮ ಭಾಷೆಯಲ್ಲೇ ಇತ್ತು.

ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು. ನಾನು ಅಕ್ಷರ ಅಕ್ಷರ ಕೂಡಿಸಿ ಓದಿದೆ.

“ಬರಿಗೈಯಲ್ಲಿ ಮುಟ್ಟಬಾರದು.”

“ಹ್ಞೂಂ.”

“ದಪ್ಪನೆಯ ರಬ್ಬರ್ ಗ್ಲೌಸು, ಕನ್ನಡಕ, ಉದ್ದ ತೋಳಿನ ಬಟ್ಟೆ ಕಡ್ಡಾಯ. ಗಾಳಿ ಆಡುವ ಕೋಣೆಯಲ್ಲೇ ಬಳಸಬೇಕು. ಗಟ್ಟಿಯಾದ ಮೇಲೆ ಉಜ್ಜುವಾಗ ಏಳುವ ಪುಡಿಯನ್ನು ಉಸಿರಾಡಬಾರದು.”

“ಗಾಳಿ ಆಡೋ ಕೋಣೆ! ನಮ್ಮ ಕಿಟಕಿಗೆ ಹಲಗೆ ಹೊಡ್ದಿದಾರಲ್ಲೇ, ಧೂಳು ಹೊರಗೆ ಹೋದ್ರೆ ಪಕ್ಕದೋರು ದೂರು ಕೊಡ್ತಾರೆ ಅಂತ. ಮುಂದೆ?”

“ಚರ್ಮಕ್ಕೆ ತಾಗಿದರೆ ಸೋಪು ನೀರಿನಿಂದ ತೊಳೆಯಬೇಕು. ಥಿನ್ನರಿನಿಂದ ಎಂದಿಗೂ ತೊಳೆಯಬಾರದು.”

ಅತ್ತಿಗೆ ತನ್ನ ಬೋಳು ಬೆರಳುಗಳನ್ನು ನೋಡಿಕೊಂಡಳು. “ಇನ್ನೊಂದ್ಸಲ ಓದು.”

ಓದಿದೆ.

“ಎಂದಿಗೂ ಅಂತ ಇದೆಯಾ?”

“ಇದೆ. ದಪ್ಪ ಅಕ್ಷರದಲ್ಲಿದೆ. ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ಸಾಸಿವೆ ಕಾಳಿನಷ್ಟು ತಾಗಿದರೂ ಮತ್ತೆ ಊದುತ್ತದೆ. ಅಂಥವರನ್ನು ಈ ಕೆಲಸದಿಂದ ದೂರವಿಟ್ಟು ಬೇರೆ ಕೆಲಸ ಕೊಡಬೇಕು.”

ಸಾಸಿವೆ ಕಾಳು ನಾನು ಸೇರಿಸಿದ್ದು. ‘ಅತ್ಯಲ್ಪ ಪ್ರಮಾಣ’ ಎಂದಿತ್ತು.

ಅತ್ತಿಗೆ ನಕ್ಕಳು. ಕೆನ್ನೆಯ ಒಣಚರ್ಮ ಬಿರಿದು ರಕ್ತ ಜಿನುಗಿತು. “ಅಂದ್ರೆ ನಾನು ನೆಲ ಒರೆಸ್ತಿದ್ದಿದ್ದು ಇದ್ರಲ್ಲೇ ಕಣೇ. ನನ್ನ ಜೀವ ಉಳಿಸೋ ಕಾಗದದಲ್ಲೇ ನೆಲ ಒರೆಸ್ದೆ.”

“ಚಿಕ್ಕಪ್ಪನ್ನ ಆ ಚೊಕ್ಕಣ್ಣನ ಕರವಸ್ತ್ರಕ್ಕೆ ನಾಲ್ಕು ಹನಿ ಹಾಕ್ಲಾ ಅತ್ತಿಗೆ? ಮೂಗಿಗೇ ಒತ್ಕೋತಾನೆ.”

ನಾನು ತಮಾಷೆಗೆ ಕೇಳಲಿಲ್ಲ. ಅವಳಿಗೂ ಗೊತ್ತಿತ್ತು.

“ಬೇಡ. ಅವನಿಗೆ ಗುಳ್ಳೆ ಎದ್ರೆ ಯಜಮಾನರೇ ಕಾರಲ್ಲಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರೆ. ರಜಾ ಕೊಡ್ತಾರೆ. ನಾಲ್ಕು ಹನಿಗೆ ನನ್ನ ಹೊಟ್ಟೆಯುರಿ ತಣ್ಣಗಾಗಲ್ಲ. ದೊಡ್ಡದೇನಾದ್ರೂ ಬೇಕು.” ಆಮೇಲೆ ಕೇಳಿದಳು: “ಈಗ ಯಾರು ಕಲಕ್ತಾರೆ?”

“ಯಾರೂ ಇಲ್ಲ. ಹತ್ತು ಸುತ್ತು ಸಾಕು ಅಂದಿದಾನೆ. ನಾನೇ ಮೇಲೆ ಮೇಲೆ ತಿರುಗಿಸ್ತೀನಿ.”

ಅತ್ತಿಗೆ ನೆಟ್ಟಗೆ ಕೂತಳು. “ತಳ ಮುಟ್ತಾ ಇಲ್ವಾ? ಹಂಗಿದ್ರೆ ಡಬ್ಬಿಗೆ ಹೋಗ್ತಿರೋದು ಬರೀ ಮೇಲಿನ ಅಂಟು. ಅದು ಬೆಂಕಿ ತಡೆಯಲ್ಲ ಕಣೇ. ಎಣ್ಣೆ ಬತ್ತಿ ಥರ ಉರಿಯುತ್ತೆ.”

ಅತ್ತಿಗೆ ಕೆಲಸ ಬಿಟ್ಟಾಗಿನಿಂದ ತಯಾರಾದ ಡಬ್ಬಿಗಳು. ಯಾರ್ಯಾರದೋ ಗೋಡೆಗಳಿಗೆ ಹೋಗಲು ಗೋದಾಮಿನಲ್ಲಿ ಅಟ್ಟಿಯಾಗಿ ನಿಂತಿದ್ದವು. ಅವನ್ನು ಸುರಿದ ಕೈ ನನ್ನದು.

“ಪರೀಕ್ಷೆ ಯಾವಾಗ?” ಅತ್ತಿಗೆ ಕೇಳಿದಳು.

ಕೊಳ್ಳುವ ಕಂಪನಿಯಿಂದ ವರ್ಷಕ್ಕೊಮ್ಮೆ ಒಬ್ಬರು ಬರುತ್ತಾರೆ. ನಮ್ಮ ಎಪಾಕ್ಸಿಯಲ್ಲಿ ಎರಕ ಹೊಯ್ದ ಬೆರಳುದ್ದದ ಪಟ್ಟಿಗಳನ್ನು ಕೇಳುತ್ತಾರೆ. ಪಟ್ಟಿಯನ್ನು ನೆಟ್ಟಗೆ ನೇತುಹಾಕಿ ತುದಿಗೆ ಹತ್ತು ಸೆಕೆಂಡು ಬೆಂಕಿ ಹಿಡಿದು ತೆಗೆಯುತ್ತಾರೆ. ಬೆಂಕಿ ತಾನಾಗಿಯೇ ಆರಬೇಕು. ಕೆಳಗೆ ಇಟ್ಟ ಹತ್ತಿಯ ಮೇಲೆ ಉರಿಯುವ ಹನಿ ಬೀಳಬಾರದು. ಈ ಸಲ ಆ ಪಟ್ಟಿಗಳಿಗೆ ಮಾತ್ರ ತಳದ ಗಾರೆಯನ್ನು ಸೌಟಿನಲ್ಲಿ ಎತ್ತಿ ಸುರಿಯಬೇಕು ಎಂದು ಚೊಕ್ಕಣ್ಣನ ಆಜ್ಞೆ. ಅವು ಕಲ್ಲಿನಂತೆ ಬೆಂಕಿಯನ್ನು ನುಂಗುತ್ತವೆ.

“ಬರೋ ವಾರ. ಪಟ್ಟಿ ಹೊಯ್ಯೋದು ನಾನೇ.”

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

“ಎಂಟು ವರ್ಷ ನನ್ನ ತೋಳು ಅವರ ಮಾನ ಕಾಯ್ತು,” ಎಂದಳು. “ಮೇಲಿಂದ ತಗೊಂಡು ಹೊಯ್ಯಿ. ಡಬ್ಬಿಗೆ ಏನು ಹೋಗ್ತಿದೆಯೋ ಅದನ್ನೇ. ನಾವೇನೂ ಮೋಸ ಮಾಡ್ತಿಲ್ಲ.”

ಪರೀಕ್ಷೆಯ ಹಿಂದಿನ ದಿನ ಹೊಯ್ದೆ. ಸೌಟನ್ನು ತಳಕ್ಕೆ ಇಳಿಸಿದಂತೆ ಮಾಡಿ ಮೇಲಿನಿಂದಲೇ ತುಂಬಿದೆ. ಒಲೆಯಲ್ಲಿ ಬೆಂದು ಹೊರಬಂದ ಪಟ್ಟಿಗಳು ಗಾಜಿನಂತೆ ಹೊಳೆಯುತ್ತಿದ್ದವು. ತಳದ್ದಾಗಿದ್ದರೆ ಸುಣ್ಣದ ಬಿಳುಪು ಇರಬೇಕಿತ್ತು. ಉಜ್ಜುವ ಮೇಜಿನಡಿಯ ಪುಡಿ ತಂದು ಒಂದೊಂದಕ್ಕೂ ಸವರಿದೆ. ಹಾಗೆ ಸವರುವಾಗ ನನ್ನ ಬಲಗೈಯ ಬೆರಳ ಸಂದಿಗಳಲ್ಲಿ ಗುಳ್ಳೆ ಒಡೆದು ನೀರಾಡುತ್ತಿತ್ತು. ಹದಿನೈದು ದಿನದಿಂದ ಅದನ್ನು ಅತ್ತಿಗೆಯಿಂದಲೂ ಮುಚ್ಚಿಟ್ಟಿದ್ದೆ. ಚೊಕ್ಕಣ್ಣ ಬಂದು ದೂರದಿಂದಲೇ ಕತ್ತು ಚಾಚಿ ನೋಡಿದ. ಅವನು ಯಾವುದನ್ನೂ ಮುಟ್ಟುವವನಲ್ಲ. ಅದೇ ನಮಗೆ ಅನುಕೂಲವಾಯಿತು.

“ತಳದ್ದೇ ತಾನೇ?”

“ತಳದ್ದೇ ಸರ್.”

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಮದುವಣಗಿತ್ತಿಯ ಕಳೆ. ಕಿಟಕಿಯ ಹಲಗೆ ಕಿತ್ತಿದ್ದರು. ಎರಡು ಫ್ಯಾನು. ಗೋಡೆಗೆ ಹೊಸ ಫಲಕ: ‘ನಿಮ್ಮ ಸುರಕ್ಷತೆಯೇ ನಮ್ಮ ಹೆಮ್ಮೆ.’ ಗುಳ್ಳೆ ಎದ್ದ ನಾಲ್ವರು ಹೆಂಗಸರನ್ನು ಮೇಲಿನ ಗೋದಾಮಿಗೆ ಹತ್ತಿಸಿ ಬಾಗಿಲು ಹಾಕಿದರು. “ಕೆಮ್ಮಬೇಡಿ,” ಎಂದು ಹೇಳಿ ಕಳಿಸಿದರು. ಒಬ್ಬಳು ಮೆಟ್ಟಿಲು ಹತ್ತುತ್ತಾ, “ಕೆಮ್ಮನ್ನ ಇಲ್ಲೇ ಬಿಟ್ಟು ಹೋಗ್ಲಾ ಸರ್, ನೋಡ್ಕೋತೀರಾ?” ಎಂದಳು.

ಉಳಿದ ನಮ್ಮಲ್ಲಿ ಮುಖ ಸರಿಯಾಗಿದ್ದವಳು ನಾನು. ಚೊಕ್ಕಣ್ಣ ಹೊಸ ಪೊಟ್ಟಣ ಹರಿದು ಒಂದು ಜೊತೆ ಗ್ಲೌಸು ತೆಗೆದ. ನೀಲಿ. ದಪ್ಪ. ಮೊಣಕೈವರೆಗೆ ಬರುವಂಥದ್ದು. ಇಡೀ ಕಾರ್ಖಾನೆಗೆ ಅದೊಂದೇ ಜೊತೆ.

“ಹಾಕ್ಕೋ. ಕೇಳಿದ್ರೆ ದಿನಾ ಇದನ್ನೇ ಹಾಕ್ಕೋತೀವಿ ಅನ್ನು. ಹರಿಬೇಡ, ಸಂಜೆ ವಾಪಸ್ ಕೊಡ್ಬೇಕು.”

ಹಾಕಿಕೊಂಡೆ. ಒಳಗೆ ತಣ್ಣಗೆ, ಮೆತ್ತಗೆ ಇತ್ತು. ಅದರ ಸುಖಕ್ಕೆ ಕಣ್ಣು ತುಂಬಿತು. ಇಷ್ಟೇ ಬೇಕಿತ್ತು. ಅತ್ತಿಗೆಗೆ ಎಂಟು ವರ್ಷ ಇಷ್ಟೇ ಬೇಕಿತ್ತು. ನನ್ನ ಸಿಟ್ಟು ಆಗ ಗಟ್ಟಿಯಾಯಿತು.

ಪರೀಕ್ಷಕಿ ಕನ್ನಡಕದ ಹೆಂಗಸು. ಮಾತು ಕಡಿಮೆ. ಯಜಮಾನರು ಅವಳ ಪಕ್ಕದಲ್ಲೇ ಕೈ ಕಟ್ಟಿಕೊಂಡು ನಗುತ್ತಾ ನಡೆದರು. ಅವಳು ಮೊದಲ ಪಟ್ಟಿಯನ್ನು ಎತ್ತಿ ಅಂಗೈಯಲ್ಲಿ ತೂಗಿದಳು.

“ಹಗುರ ಇದೆಯಲ್ಲ?”

“ಹೊಸ ಮಾಲು ಮೇಡಮ್,” ಎಂದ ಚೊಕ್ಕಣ್ಣ.

ಅವಳು ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ ಬೆಂಕಿ ಹಿಡಿದಳು. ಹತ್ತು ಸೆಕೆಂಡು. ತೆಗೆದಳು.

ಆರಲಿಲ್ಲ.

ಉರಿ ಪಟ್ಟಿಯನ್ನು ತಬ್ಬಿಕೊಂಡು ಮೇಲೇರಿತು. ಕಪ್ಪು ಹೊಗೆ, ಎಳೆ ಎಳೆಯಾಗಿ ಕರಿ. ಗಂಟಲು ಸೀಳುವಂಥ ಘಾಟು. ಉರಿಯುವ ಹನಿಯೊಂದು ಕಳಚಿ ಹತ್ತಿಯ ಮೇಲೆ ಬಿತ್ತು. ಹತ್ತಿ ಭಗ್ಗೆಂದಿತು. ಚೊಕ್ಕಣ್ಣ ಕರವಸ್ತ್ರ ಮೂಗಿಗೆ ಒತ್ತಿಕೊಂಡ. ನಾನು ಕಣ್ಣು ಮಿಟುಕಿಸದೆ ನೋಡಿದೆ. ಅತ್ತಿಗೆಗೆ ಹೇಳಬೇಕಿತ್ತಲ್ಲ, ಒಂದನ್ನೂ ಬಿಡದೆ.

ಎರಡನೆಯದು ಉರಿಯಿತು. ಮೂರನೆಯದೂ.

ಯಜಮಾನರ ನಗು ಮುಖದ ಮೇಲೆ ಎಲ್ಲಿಡಬೇಕೆಂದು ತಿಳಿಯದೆ ನಿಂತಿತು. ಪರೀಕ್ಷಕಿ ಬರೆದುಕೊಳ್ಳುತ್ತಲೇ ಹೇಳಿದಳು: “ಗೋದಾಮಲ್ಲಿರೋ ಮಾಲು ಒಂದೂ ಹೊರಗೆ ಹೋಗಬಾರದು.”

“ಈಯಮ್ಮಂದೇ ತಪ್ಪು ಮೇಡಮ್,” ಚೊಕ್ಕಣ್ಣನ ಬೆರಳು ನನ್ನ ಕಡೆ ತಿರುಗಿತು. “ಮೇಲಿಂದ ತಗೊಂಡಿದಾಳೆ. ಎಷ್ಟು ಹೇಳಿದ್ರೂ ಅಷ್ಟೇ ಈ ಜನ. ಏಯ್, ಸರಿಯಾಗಿ ಕಲಕಿ ತೋರ್ಸು. ತಪ್ಪಾಯ್ತು ಅಂತ ಹೇಳು.”

“ಡಬ್ಬಿಗೂ ಮೇಲಿಂದಾನೇ ಹೋಗ್ತಿದೆ,” ಎಂದೆ. “ಹತ್ತು ಸುತ್ತು ಸಾಕು ಅಂತ ನೀವೇ ಹೇಳಿದ್ರಿ. ತಳ ಮುಟ್ಟಿ ಕಲಕೋಳು ನನ್ನ ಅತ್ತಿಗೆ. ಅವಳನ್ನ ಹೊರಗೆ ಹಾಕಿದ್ರಿ.”

“ಅವಳಿಗೆ ಮೊದ್ಲಿಂದ ಕಾಯಿಲೆ…”

ನಾನು ಗ್ಲೌಸು ಬಿಚ್ಚಿದೆ. ಮೊದಲು ಎಡಗೈ. ಆಮೇಲೆ ಬಲಗೈ. ಒಡೆದ ಗುಳ್ಳೆಗಳಿಗೆ ಅಂಟಿಕೊಂಡು ಬಂತು, ಚರ್ಮವೂ ಬಂತು. ಎರಡೂ ಕೈಗಳನ್ನು ಪರೀಕ್ಷಕಿಯ ಪುಸ್ತಕದ ಮೇಲೆ ಚಾಚಿದೆ. ಅವಳು ಬರೆಯುವುದನ್ನು ನಿಲ್ಲಿಸಿದಳು.

“ನಂಗೂ ಮೊದ್ಲಿಂದ ಇತ್ತಾ ಸರ್? ಮೇಲೆ ಗೋದಾಮಲ್ಲಿ ಬಾಗಿಲು ಹಾಕಿದೀರಲ್ಲ ನಾಲ್ಕು ಜನ, ಅವರಿಗೂ ಮೊದ್ಲಿಂದ ಇತ್ತಾ?”

ಮೇಲಿನಿಂದ ಯಾರೋ ಕೆಮ್ಮಿದರು. ಇನ್ನೊಬ್ಬರು ಕೆಮ್ಮಿದರು. ಆಮೇಲೆ ನಾಲ್ವರೂ, ಗಂಟಲು ಹರಿಯುವಂತೆ, ಬೇಕೆಂದೇ.

ಪರೀಕ್ಷಕಿ ಚಾವಣಿ ನೋಡಿದಳು. ಡ್ರಮ್ಮು ನೋಡಿದಳು. “ಇದನ್ನ ತಳದಿಂದ ಕಲಕೋದು ಹೇಗೆ ಅಂತ ನಾನು ಈಗಲೇ ನೋಡ್ಬೇಕು,” ಎಂದಳು.

ಯಜಮಾನರು ನನ್ನ ಕೈ ನೋಡಲಿಲ್ಲ. ಚೊಕ್ಕಣ್ಣನ ಕಡೆ ತಿರುಗಿ ಹಲ್ಲು ಕಚ್ಚಿದರು. “ನೀನೇ ಕಲಕಿ ತೋರ್ಸು. ಮಾನ ಹೋಗ್ತಿದೆ.”

“ನಾನಾ ಸರ್?”

“ಮತ್ತಿನ್ಯಾರು, ನಾನಾ?”

ಚೊಕ್ಕಣ್ಣ ಡ್ರಮ್ಮಿನ ಹತ್ತಿರ ಬಂದ. ಎಂಟು ವರ್ಷದಲ್ಲಿ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಹುಟ್ಟಿನ ಹಿಡಿ ನೋಡಿದ. ಅತ್ತಿಗೆಯ ಕೈಗಳ ಅಂಟು ಅದರ ಮೇಲೆ ಪದರ ಪದರವಾಗಿ ಕಟ್ಟಿತ್ತು. ಮೇಲಿನ ಪದರ ನನ್ನ ಕೈಯದು, ಇನ್ನೂ ಹಸಿ. ಕರವಸ್ತ್ರದಲ್ಲಿ ಹಿಡಿಯಲು ನೋಡಿದ. ಕರವಸ್ತ್ರ ಹಿಡಿಗೆ ಮೆತ್ತಿಕೊಂಡಿತು. ಎಳೆದ. ಬರಲಿಲ್ಲ. ಅಲ್ಲೇ ಬಿಟ್ಟ. ಬರಿ ಬೆರಳುಗಳನ್ನು ಗಾಳಿಯಲ್ಲಿ ಅಗಲಿಸಿ ಹಿಡಿದುಕೊಂಡು ನನ್ನ ಕಡೆ ತಿರುಗಿದ. ನೀಲಿ ಗ್ಲೌಸು ನನ್ನ ಕೈಯಲ್ಲಿತ್ತು.

“ಕೊಡು ಅದನ್ನ.”

ನಾನು ಕೈ ಬೆನ್ನ ಹಿಂದೆ ಒಯ್ದೆ. ಸಾಲಿನ ಹೆಂಗಸರೆಲ್ಲ ಕೆಲಸ ನಿಲ್ಲಿಸಿದ್ದರು. ಬಕೆಟ್ಟಿನಲ್ಲಿ ಕಲಸಿಟ್ಟದ್ದು ಕಾಯುತ್ತಿತ್ತು. ಅದರ ಕಡೆ ಯಾರೂ ಓಡಲಿಲ್ಲ.

“ಗ್ಲೌಸ್ ಕೊಡಮ್ಮ. ಕೈ ಸುಟ್ಟು ಹೋಗುತ್ತೆ ನಂದು.”

“ಥಿನ್ನರಲ್ಲಿ ತೊಳ್ಕೊಂಡ್ರೆ ಹೋಗುತ್ತೆ ಬಿಡಿ ಸರ್.”

“ಕೊಡು ಅಂದೆ!” ಯಜಮಾನರು ಕೂಗಿದರು.

“ಕೊಡಲ್ಲ,” ಎಂದೆ.